ಕರೆಂಟ್ ಬಿಲ್ಲಿಗೆ ಸ್ವಯಂ ಪಾವತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಂದೆ-ತಾಯಿ ಮೂಡಿಗೆರೆ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಗೃಹಜ್ಯೋತಿಯಿಂದಾಗಿ ಹೆಚ್ಚಿನ ತಿಂಗಳು ಶೂನ್ಯ ಬಿಲ್ ಬರುತ್ತದೆ. ಮಳೆಗಾಲದಲ್ಲಿ ಗೀಸರ್ ಬಳಕೆ ಏರಿದಾಗ ಮಾತ್ರ ಹಣ ಕಟ್ಟಬೇಕಾಗುತ್ತದೆ, ಅದು ಅವರಿಗೆ ಮರೆತುಹೋಗುತ್ತದೆ. ಖಾತೆಯಿಂದಲೇ ಪ್ರತಿ ತಿಂಗಳು ಕಡಿತವಾಗುವಂತೆ ಮಾಡಬಹುದೇ? ಹೆಚ್ಚು ಹಣ ಹೋಗಿಬಿಟ್ಟೀತೆಂಬ ಭಯವಿದೆ.

ಉತ್ತರ: ಮಾಡಬಹುದು, ನಿಮ್ಮಂಥ ಮನೆಗೆ ಮಾಡುವುದೇ ಒಳ್ಳೆಯದು. ಚಿಕ್ಕಮಗಳೂರು ಜಿಲ್ಲೆಗೆ ವಿದ್ಯುತ್ ಪೂರೈಸುವ ಮೆಸ್ಕಾಂನ ಬಿಲ್ಲನ್ನು ಭಾರತ್ ಬಿಲ್ ಪೇ ವ್ಯವಸ್ಥೆಗೆ ಸೇರಿದ ಆ್ಯಪ್‌ಗಳ ಮೂಲಕ, ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆಯನ್ನು ನಮೂದಿಸಿ, ಯಾರ ಖಾತೆಯಿಂದ ಬೇಕಾದರೂ ಕಟ್ಟಬಹುದು. ಆದ್ದರಿಂದ ಸ್ವಯಂ ಪಾವತಿಯ ಒಪ್ಪಿಗೆಯನ್ನು ತಂದೆಯವರ ಖಾತೆಗಿಂತ ನಿಮ್ಮ ಖಾತೆಯ ಮೇಲೆ ಕೊಡುವುದು ಲೇಸು. ಕಾರ್ಡ್ ಅಥವಾ ಯುಪಿಐ ಮೂಲಕ ಕೊಟ್ಟ ಇಂಥ ಒಪ್ಪಿಗೆಯಲ್ಲಿ, ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಖಾತೆದಾರರಿಗೆ ಸೂಚನೆ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ; ಆ ಸೂಚನೆ ನಿಮ್ಮ ಫೋನಿಗೇ ಬಂದರೆ ಮೊತ್ತವನ್ನು ನೋಡಿ, ಅನುಮಾನವಿದ್ದರೆ ತಡೆಯಲು ಸಮಯವಿರುತ್ತದೆ. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು.

ನಿಮ್ಮ ಭಯಕ್ಕೆ ಉತ್ತರ ಗರಿಷ್ಠ ಮಿತಿಯಲ್ಲಿದೆ. ಒಪ್ಪಿಗೆ ಕೊಡುವಾಗ ನೀವೇ ಮಿತಿಯನ್ನು ಗೊತ್ತುಮಾಡುತ್ತೀರಿ, ಅದನ್ನು ಮೀರಿದ ಬಿಲ್ ಕಡಿತವಾಗುವುದಿಲ್ಲ. ಆದರೆ ಗೃಹಜ್ಯೋತಿಯ ಮನೆಗಳು ಎಡವುವುದೂ ಇಲ್ಲಿಯೇ. 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಯಾದ ಉಚಿತ ಪ್ರಮಾಣವನ್ನು ದಾಟಿಯೂ 200 ಯೂನಿಟ್ ಒಳಗೇ ಇದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಶೂನ್ಯ ಬಿಲ್ಲುಗಳನ್ನೇ ನೋಡಿ ಮುನ್ನೂರು ರೂಪಾಯಿಯ ಮಿತಿ ಹಾಕಿಟ್ಟರೆ, ಹಣ ಕಟ್ಟಲೇಬೇಕಾದ ಆ ಆಷಾಢದ ತಿಂಗಳಲ್ಲಿಯೇ ಪಾವತಿ ವಿಫಲವಾಗಿ ಬಾಕಿ ಉಳಿಯುತ್ತದೆ. ಹಿಂದಿನ ಮಳೆಗಾಲದ ಅತಿ ದೊಡ್ಡ ಬಿಲ್ಲಿಗಿಂತ ಸ್ವಲ್ಪ ಮೇಲೆಯೇ ಮಿತಿಯಿರಲಿ.

ಸ್ವಯಂ ಪಾವತಿಯು ತಪ್ಪು ಬಿಲ್ಲನ್ನೂ ಅಷ್ಟೇ ನಿಷ್ಠೆಯಿಂದ ಕಟ್ಟುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಮನೆಗೆ ಬೀಗವಿದ್ದಾಗ ಸರಾಸರಿಯ ಮೇಲೆ ಬಿಲ್ ಬರಬಹುದು, ಅಂಕಿ ಓದುವಲ್ಲಿಯೂ ವ್ಯತ್ಯಾಸವಾಗಬಹುದು. ಮೀಟರ್ ರೀಡರ್ ಕೊಟ್ಟ ಚೀಟಿಯ ಮತ್ತು ಮೀಟರಿನ ಚಿತ್ರವನ್ನು ತಿಂಗಳಿಗೊಮ್ಮೆ ಕಳುಹಿಸುವಂತೆ ತಾಯಿಯವರಿಗೆ ತಿಳಿಸಿ. ಅಂಕಿ ಹೊಂದದಿದ್ದರೆ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ.

ಪ್ರಶ್ನೆ: ನಾವು ಹಾಸನದವರು. ಬ್ರಿಟನ್ನಿನಲ್ಲಿರುವ ಮಗಳ ಖಾತೆಯಿಂದ ವಿದ್ಯುತ್ ಮತ್ತು ಗ್ಯಾಸಿಗಾಗಿ ಬೇಸಿಗೆ, ಚಳಿಗಾಲವೆನ್ನದೆ ಪ್ರತಿ ತಿಂಗಳು ಒಂದೇ ಮೊತ್ತ ಹೋಗುತ್ತದೆ. ಇದು ಸರಿಯೇ?

ಉತ್ತರ: ಅಲ್ಲಿ ಅದು ರೂಢಿಯ ಕ್ರಮ. ವರ್ಷದ ಬಳಕೆಯನ್ನು ಅಂದಾಜು ಮಾಡಿ ಹನ್ನೆರಡು ಸಮ ಕಂತುಗಳಾಗಿ ಹಂಚುತ್ತಾರೆ. ಬೇಸಿಗೆಯಲ್ಲಿ ಮಿಕ್ಕ ಹಣ, ಮನೆಯನ್ನು ಬೆಚ್ಚಗಿಡಲು ಹೆಚ್ಚು ಗ್ಯಾಸ್ ಉರಿಯುವ ಚಳಿಗಾಲಕ್ಕೆ ಒದಗುತ್ತದೆ. ಅಂದಾಜು ಹಳೆಯ ಅಂಕಿಯ ಮೇಲೆ ನಿಂತಿದ್ದರೆ ಜಮೆ ಅನಗತ್ಯವಾಗಿ ಬೆಳೆಯುತ್ತದೆ. ಸ್ಮಾರ್ಟ್ ಮೀಟರ್ ಇಲ್ಲದಿದ್ದರೆ ಮಗಳು ನಿಯಮಿತವಾಗಿ ರೀಡಿಂಗ್ ಕಳುಹಿಸಲಿ, ಜಮೆ ಹೆಚ್ಚಿದ್ದರೆ ಮರುಪಾವತಿ ಕೇಳಲಿ. ತಪ್ಪಾಗಿ ಕಡಿತವಾದ ಮೊತ್ತವನ್ನು ಬ್ಯಾಂಕೇ ಹಿಂತಿರುಗಿಸುವ ಡೈರೆಕ್ಟ್ ಡೆಬಿಟ್ ಖಾತರಿಯೂ ಅಲ್ಲಿದೆ. ಹಾಸನದಲ್ಲಿ ಚಾಮುಂಡೇಶ್ವರಿ ವಿದ್ಯುತ್ ನಿಗಮವು ತಿಂಗಳ ಮೀಟರ್ ಓದಿಗೆ ತಕ್ಕಂತೆ ಬಿಲ್ ಕೊಡುವುದರಿಂದ, ನಿಮ್ಮ ಮನೆಯಲ್ಲಿ ಸ್ವಯಂ ಪಾವತಿ ಮಾಡಿಸಿದರೂ ಮೊತ್ತ ತಿಂಗಳಿಂದ ತಿಂಗಳಿಗೆ ಬದಲಾಗುತ್ತಲೇ ಇರುತ್ತದೆ.