ಅಮೆರಿಕದ ಷೇರು ಕೊಂಡಾಗ ಡಾಲರ್ ದರದ ಲಿಖಿತ ದಾಖಲೆ ಯಾರು ಕೊಡಬೇಕು?

ಬ್ರೋಕರ್ ಸ್ಟೇಟ್‌ಮೆಂಟ್ ಪೂರ್ತಿ ಡಾಲರ್‌ನಲ್ಲಿದೆ, ರೂಪಾಯಿ ಯಾವ ದರಕ್ಕೆ ಬದಲಾಯಿತು ಅಂತ ಸಿಎ ಬರಹದಲ್ಲಿ ಕೇಳುತ್ತಿದ್ದಾರೆ, ಬ್ರೋಕರ್ ಕೊಡುತ್ತಿಲ್ಲ ಅಂತ ಬರೆದಿದ್ದೀರಿ. ಪಾಪ, ಅವರ ಹತ್ತಿರ ಅದು ಇದ್ದರಲ್ಲವೇ ಕೊಡುವುದು! ಅವರ ಕೈ ಸೇರುವ ಹೊತ್ತಿಗೇ ದುಡ್ಡು ಡಾಲರ್ ಆಗಿರುತ್ತದೆ. ಬದಲಾಯಿಸಿದ್ದು ಇಲ್ಲೇ ಮುಂಬಯಿಯಲ್ಲಿ, ನೀವು ಎ2 ಫಾರ್ಮ್ (ಹೊರದೇಶಕ್ಕೆ ಹಣ ಕಳಿಸುವ ಅರ್ಜಿ) ಕೊಟ್ಟ ಬ್ಯಾಂಕು. ಅವರನ್ನೇ ಹಿಡಿಯಿರಿ.

ನಾನೂ ಡೊಂಬಿವಲಿಯಿಂದ ಹೀಗೇ ಹಣ ಕಳಿಸುತ್ತೇನೆ. ಕೇಳಬೇಕಾದದ್ದು ಔಟ್‌ವರ್ಡ್ ರೆಮಿಟೆನ್ಸ್ ಅಡ್ವೈಸ್, ಅಂದರೆ ಹೊರದೇಶಕ್ಕೆ ಹಣ ಕಳಿಸಿದ್ದಕ್ಕೆ ಬ್ಯಾಂಕು ಕೊಡುವ ವಿವರದ ಚೀಟಿ. ಕೆಲವು ಕಡೆ ಡೆಬಿಟ್ ಅಡ್ವೈಸ್ ಅನ್ನುತ್ತಾರೆ. ಡಾಲರ್ ಮೊತ್ತ, ದರ, ಕಮಿಷನ್, ಜಿಎಸ್‌ಟಿ, ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ಆದಾಯ ತೆರಿಗೆ) ಬೇರೆ ಬೇರೆಯಾಗಿ ಕಾಣಬೇಕು. ಜೊತೆಗೆ ಸ್ವಿಫ್ಟ್ ಪ್ರತಿಯನ್ನೂ, ಅಂದರೆ ಬ್ಯಾಂಕು ಹೊರದೇಶದ ಬ್ಯಾಂಕಿಗೆ ಕಳಿಸಿದ ಪಾವತಿ ಸಂದೇಶದ ನಕಲನ್ನೂ ಕೇಳಿ. ಪಾಸ್‌ಬುಕ್ಕಿನ ಒಂದು ಸಾಲು ಸಾಲದು. ಕಡಿತವಾದ ಒಟ್ಟು ರೂಪಾಯಿಯನ್ನು ಡಾಲರ್‌ನಿಂದ ಭಾಗಿಸಿದರೆ ಶುಲ್ಕಗಳೆಲ್ಲ ದರದೊಳಗೆ ಸೇರಿಬಿಡುತ್ತವೆ. ಅದರಲ್ಲೂ ಟಿಸಿಎಸ್ ನಿಮ್ಮ ಖರ್ಚೇ ಅಲ್ಲ. ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಶೇ 20 ಹಿಡಿಯುತ್ತಾರೆ, ಅದು ಆದಾಯ ತೆರಿಗೆ ಇಲಾಖೆಯ ವಾರ್ಷಿಕ ತೆರಿಗೆ ಪಟ್ಟಿಯಲ್ಲಿ ನಿಮ್ಮ ಹೆಸರಿಗೆ ಜಮೆಯಾಗಿರುತ್ತದೆ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಶಾಖೆಯಲ್ಲಿ ಬಾಯಿಮಾತಲ್ಲಿ ಕೇಳಿದರೆ ‘ಉದ್ಯಾ ಯಾ’ (ನಾಳೆ ಬನ್ನಿ) ಅಂತ ಸಾಗಹಾಕುತ್ತಾರೆ. ಕೌಂಟರಿನವರಿಗೆ ಎಷ್ಟೋ ಸಲ ವಿಷಯವೇ ಗೊತ್ತಿರುವುದಿಲ್ಲ, ಕೆಲಸ ನಡೆಯುವುದು ಅವರ ಫಾರೆಕ್ಸ್ (ವಿದೇಶಿ ವಿನಿಮಯ) ವಿಭಾಗದಲ್ಲಿ. ಕಳಿಸಿದ ದಿನಾಂಕ, ವ್ಯವಹಾರದ ರೆಫರೆನ್ಸ್ ನಂಬರ್ ಬರೆದು ಅರ್ಜಿ ಕೊಡಿ, ನಿಮ್ಮ ಪ್ರತಿಗೆ ಇನ್‌ವರ್ಡ್ ಸೀಲು ಹಾಕಿಸಿಕೊಳ್ಳಿ. 30 ದಿನವಾದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ದೂರು ಕೊಡಬಹುದು. ಆ ಸೀಲಿನ ಪ್ರತಿ ಕೈಯಲ್ಲಿದ್ದರೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರುವುದು ಕಡಿಮೆ. ಹಣ ವಾಪಸ್ ತಂದಾಗಲೂ ಇದೇ ದಾರಿ. ಆಗ ಕೇಳುವುದು ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್.

ಇನ್ನೊಂದು ಗೊಂದಲ ನಿಮ್ಮ ಪ್ರಶ್ನೆಯಲ್ಲೇ ಇದೆ. ಒಂದು ಷೇರು ಮಾರಿ ಅದೇ ಡಾಲರ್‌ನಲ್ಲಿ ಮತ್ತೊಂದು ಕೊಂಡದ್ದಕ್ಕೂ ದರದ ಕಾಗದ ಬೇಕು ಅಂದಿದ್ದೀರಿ. ಅಲ್ಲಿ ರೂಪಾಯಿಯ ಸುದ್ದಿಯೇ ಬಂದಿಲ್ಲ, ಯಾರು ತಾನೇ ಕಾಗದ ಕೊಟ್ಟಾರು? ಆದರೆ ಲಾಭಕ್ಕೆ ತೆರಿಗೆ ಉಂಟು. ಅದಕ್ಕೆ ನೋಡುವುದು ಆದಾಯ ತೆರಿಗೆ ನಿಯಮಾವಳಿ ಹೇಳುವ ದರ: ಮಾರಿದ ತಿಂಗಳಿನ ಹಿಂದಿನ ತಿಂಗಳ ಕೊನೆಯ ದಿನದ ಸ್ಟೇಟ್ ಬ್ಯಾಂಕ್ ಟಿಟಿ ಬೈಯಿಂಗ್ ದರ, ಅಂದರೆ ಹೊರದೇಶದಿಂದ ಬಂದ ಡಾಲರನ್ನು ಬ್ಯಾಂಕು ಕೊಳ್ಳುವ ದರ. ನವೆಂಬರ್‌ನಲ್ಲಿ ಮಾರಿದರೆ ಅಕ್ಟೋಬರ್ 31ರದ್ದು. ಡಿವಿಡೆಂಡ್‌ಗೂ ಹೀಗೇ ಹಿಂದಿನ ತಿಂಗಳ ಕೊನೆಯ ದಿನ. ಬ್ಯಾಂಕಿನ ಅಡ್ವೈಸ್‌ನಲ್ಲಿರುವ ದರಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಿಮ್ಮ ಸಿಎಗೆ ಇವೆರಡರಲ್ಲಿ ಯಾವುದು ಬೇಕು ಅಂತ ಮೊದಲು ಕೇಳಿಕೊಳ್ಳಿ, ಬ್ಯಾಂಕಿಗೆ ಅಲೆಯುವುದು ಆಮೇಲಾಗಲಿ.

ಸ್ಟೇಟ್ ಬ್ಯಾಂಕಿನ ದರಪಟ್ಟಿ ದಿನವೂ ಬದಲಾಗುತ್ತದೆ, ಹಳೆಯದನ್ನು ಆಮೇಲೆ ಹುಡುಕುವುದು ತಲೆನೋವು. ತಿಂಗಳ ಕೊನೆಯ ದಿನದ ಪಿಡಿಎಫ್ ಅವತ್ತೇ ಇಳಿಸಿಟ್ಟುಕೊಳ್ಳಿ. ಡಿಸೆಂಬರ್ 31ರದ್ದಂತೂ ಬಿಡಬೇಡಿ, ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ತುಂಬುವಂಥದ್ದು.