ಕೂಡು ಕುಟುಂಬ ಒಡೆದದ್ದು ಕಾರ್ಖಾನೆಯಿಂದಲೇ?

ಕಾರ್ಖಾನೆಗಳು ಬಂದಿದ್ದಕ್ಕೇ ಕೂಡು ಕುಟುಂಬ ಒಡೆದು ಚಿಕ್ಕ ಸಂಸಾರಗಳು ಹುಟ್ಟಿದವಾ ಅಂತ ಕೇಳಿದ್ದೀರಿ. ಪಾಠದಲ್ಲಿ ಹೇಳುವಷ್ಟು ಸಲೀಸಲ್ಲ ಅದು.

ಕಾರ್ಖಾನೆ ಮೊದಲು ಬಂದ ಇಂಗ್ಲೆಂಡನ್ನೇ ನೋಡಿ. ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಅಲ್ಲಿನ ಹಳೇ ಊರುಗಳ ಜನರ ಪಟ್ಟಿಗಳನ್ನು ಜಾಲಾಡಿದರು. ಕಾರ್ಖಾನೆಗಳಿಗೆ ಎಷ್ಟೋ ಮೊದಲೇ ಮನೆಗೆ ಸರಾಸರಿ ಐದಕ್ಕಿಂತ ಕಡಿಮೆ ಜನ, ಅದೂ ಆಳುಗಳನ್ನು ಸೇರಿಸಿ! ಮದುವೆ ತಡ, ಆದಮೇಲೆ ಬೇರೆ ಮನೆ. ಒಡೆಯೋಕೆ ಕೂಡು ಕುಟುಂಬಗಳೇ ಜಾಸ್ತಿ ಇರಲಿಲ್ಲ. (ಬೇರೆ ದೇಶಗಳ ಕಥೆ ಬೇರೆ, ಬಿಡಿ.)

ಇನ್ನೂ ತಮಾಷೆ ಅಂದ್ರೆ, ಇಂಗ್ಲೆಂಡಿನದೇ ಹತ್ತಿ ಗಿರಣಿಗಳ ಊರು ಪ್ರೆಸ್ಟನ್‌ನಲ್ಲಿ 1851ರ ಜನಗಣತಿ ಹೊತ್ತಿಗೆ ಸುಮಾರು 23% ಮನೆಗಳಲ್ಲಿ ನೆಂಟರೂ ಜೊತೆಗಿದ್ದರು. ಇತಿಹಾಸಕಾರ ಮೈಕೆಲ್ ಆಂಡರ್ಸನ್ ತೆಗೆದ ಲೆಕ್ಕ ಇದು. ತಾಯಿ ಗಿರಣಿಗೆ ಹೋದರೆ ಮಗು ನೋಡಿಕೊಳ್ಳೋಕೆ ಅಜ್ಜಿ ಬೇಕಲ್ವಾ? ಅಜ್ಜಿಗೂ ಊಟ, ಸೂರು ಸಿಕ್ಕಿತು.

ನನ್ನ ಪ್ರಕಾರ ಗಾತ್ರಕ್ಕಿಂತ ಜಾಸ್ತಿ ಬದಲಾದದ್ದು ದುಡಿಮೆ. ಮೊದಲು ನೇಕಾರನ ಮಗ್ಗ ಮನೆಯಲ್ಲೇ ಇರುತ್ತಿತ್ತು. ಮಕ್ಕಳು ಹತ್ತಿ ಬಿಡಿಸುತ್ತಿದ್ದರು, ಹೆಂಡತಿ ನೂಲುತ್ತಿದ್ದಳು, ಅವನು ನೇಯುತ್ತಿದ್ದ. ಆಮೇಲೆ ಕೆಲಸ ಗಿರಣಿಗೆ ಹೋಯಿತು. 1880ರಲ್ಲಿ ಇಂಗ್ಲೆಂಡಿನಲ್ಲಿ ಶಾಲೆ ಕಡ್ಡಾಯವಾದ ಮೇಲೆ ದುಡಿಯುವ ಕೈಗಳಾಗಿದ್ದ ಮಕ್ಕಳು ಖರ್ಚಿನ ಬಾಬ್ತಾದರು. ಹೆರುವ ಸಂಖ್ಯೆ ಇಳಿದದ್ದಕ್ಕೆ ಇದೂ ಒಂದು ಕಾರಣ.