ಅಕ್ಕನ ಮಗ ಅರ್ಜಿ ಹಾಕಿದಾಗ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ಮೇಡಂ ಅಂತಲೇ ಕರೆಯುತ್ತೇನೆ.

ಮೇಡಂ ವಿಜಯಪುರ ಕಡೆಯವರು. ಪುಣೆಯ ಒಂದು ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥೆ. ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರು ಇಸಿಜಿ, ಥೈರಾಯ್ಡ್ ಎಲ್ಲ ನೋಡಿ ಏನೂ ತೊಂದರೆ ಇಲ್ಲ ಅಂದಿದ್ದರು. ಮೊದಲು ನ್ಯಾಕ್ (ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯುವ ಸಂಸ್ಥೆ) ಫೈಲು, ಕೆಲಸದ ಒತ್ತಡ ಅಂತ ಸುಮಾರು ಹೊತ್ತು ಮಾತಾಡಿದರು. ಆಮೇಲೆ ಫೋನ್ ತೆಗೆದು ಅಕ್ಕನ ವಾಟ್ಸಾಪ್ ಸಂದೇಶ ತೋರಿಸಿದರು. ‘ಹುಡುಗನ ಅರ್ಜಿ ಹೋತು. ಇನ್ನ ನಿನ್ನ ಕೈಯಾಗ ಐತಿ ನೋಡವಾ.’

ಅವರದೇ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆ ಖಾಲಿ ಇತ್ತು. ಅಕ್ಕನ ಮಗ ಅರ್ಜಿ ಹಾಕಿದ್ದ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಆಯ್ಕೆ ಸಮಿತಿಯಲ್ಲಿ ಕುಲಪತಿ, ಹೊರಗಿನ ತಜ್ಞರು, ಡೀನ್ ಜೊತೆ ವಿಭಾಗದ ಮುಖ್ಯಸ್ಥರೂ ಇರುತ್ತಾರೆ. ಅಂದರೆ ಅವನ ಎದುರು ಕೂರುವವರಲ್ಲಿ ಇವರೂ ಒಬ್ಬರು. ಇಬ್ಬರ ಮನೆತನದ ಹೆಸರು ಬೇರೆ. ಆಫೀಸಿನಲ್ಲಿ ಯಾರಿಗೂ ಸಂಬಂಧ ಗೊತ್ತಿಲ್ಲ.

ಇವರು ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲ್ ಫೀಸು ಕಟ್ಟಿದ್ದು ಅಕ್ಕ. ಎಮ್ಮೆ ಹಾಲು ಮಾರಿ ಉಳಿಸಿದ ದುಡ್ಡು ಅದು. ಅಕ್ಕ ಅದನ್ನು ಒಂದು ಸಲವೂ ಎತ್ತಿ ಆಡಿಲ್ಲವಂತೆ. ‘ಎತ್ತಿ ಆಡಿದ್ದರೆ ಸುಲಭ ಆಗುತ್ತಿತ್ತು’ ಅಂತ ಹೇಳುವಾಗ ಮೇಡಂ ಅತ್ತರು.

ಮೊದಲು ನಾನು ಒಂದು ಮಾತು ಸ್ಪಷ್ಟ ಮಾಡಿದೆ. ನೀವು ಈವರೆಗೆ ಯಾವ ತಪ್ಪೂ ಮಾಡಿಲ್ಲ. ಹಿತಾಸಕ್ತಿ ಸಂಘರ್ಷ, ಅಂದರೆ ನಮ್ಮವರ ಲಾಭವೂ ನಮ್ಮ ಹುದ್ದೆಯ ಕರ್ತವ್ಯವೂ ಎದುರುಬದುರಾಗುವುದು, ಅಪರಾಧ ಅಲ್ಲ, ಒಂದು ಪರಿಸ್ಥಿತಿ. ಅದನ್ನು ಬಚ್ಚಿಟ್ಟುಕೊಂಡು ಆ ಕುರ್ಚಿಯಲ್ಲಿ ಕೂತರೆ ತಪ್ಪು ಶುರುವಾಗುತ್ತದೆ. ತಾನು ಆಗಲೇ ಕೆಟ್ಟವಳಾಗಿಬಿಟ್ಟೆ ಅಂತ ಅವರು ಅಂದುಕೊಂಡಿದ್ದರು. ಆ ಭಾರ ಇಳಿಯದೆ ಮುಂದಿನ ಮಾತು ಕಿವಿಗೆ ಬೀಳುವ ಹಾಗಿರಲಿಲ್ಲ.

ಅವರದೇ ಒಂದು ಉಪಾಯ ಇತ್ತು. ‘ಅವನ ಇಂಟರ್‌ವ್ಯೂ ಬಂದಾಗ ನಾನು ಎದ್ದು ಹೊರಗೆ ಹೋಗ್ತೀನಿ. ಉಳಿದವರಿಗೆ ಕೂರ್ತೀನಿ. ಅಷ್ಟು ಸಾಕಲ್ವಾ?’

ಸಾಲದು. ಬಹಳ ಜನ ಎಡವುವುದು ಇಲ್ಲೇ. ಕಾನೂನು ನನ್ನ ಕ್ಷೇತ್ರವಲ್ಲ, ಆದರೂ ಸುಪ್ರೀಂ ಕೋರ್ಟಿನ 1969ರ ಎ.ಕೆ. ಕ್ರೈಪಾಕ್ ತೀರ್ಪನ್ನು ಅವರಿಗೆ ಹೇಳಿದೆ. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಆಯ್ಕೆ ನಡೆದಿತ್ತು. ಸಮಿತಿಯಲ್ಲಿದ್ದ ಅಧಿಕಾರಿಯೊಬ್ಬರು ತಾವೂ ಅಭ್ಯರ್ಥಿ. ತಮ್ಮ ಹೆಸರು ಬಂದಾಗ ಅವರು ಚರ್ಚೆಯಲ್ಲಿರಲಿಲ್ಲ, ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಇದ್ದರು. ಕೋರ್ಟು ಆ ಆಯ್ಕೆಯನ್ನೇ ರದ್ದು ಮಾಡಿತು. 1985ರಲ್ಲಿ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಕೋರ್ಟು ನೇರವಾಗಿ ಹೇಳಿತು: ಆಯ್ಕೆ ಸಮಿತಿಯ ಸದಸ್ಯರ ಹತ್ತಿರದ ಸಂಬಂಧಿ ಅಭ್ಯರ್ಥಿಯಾದರೆ, ಆ ಸದಸ್ಯರು ಆ ಒಬ್ಬರ ಸಂದರ್ಶನದಿಂದ ಮಾತ್ರ ಅಲ್ಲ, ಇಡೀ ಪ್ರಕ್ರಿಯೆಯಿಂದ ಹಿಂದೆ ಸರಿಯಬೇಕು. ಲೋಕಸೇವಾ ಆಯೋಗದಂಥ ಸಂವಿಧಾನಾತ್ಮಕ ಸಂಸ್ಥೆಗಳಿಗೆ ಮಾತ್ರ ಇದರಲ್ಲಿ ರಿಯಾಯಿತಿ. ಕಾರಣ ಸರಳ. ಬೇರೆಯವರಿಗೆ ಒಂದು ಅಂಕ ಕಡಿಮೆ ಕೊಟ್ಟರೂ ನಮ್ಮವನಿಗೆ ಕೊಟ್ಟ ಹಾಗೇ.

‘ನಾನಿಲ್ಲದೆ ಸಮಿತಿ ನಡೆಯೋದು ಹೇಗೆ?’ ಅಂದರು. ನಡೆಯುತ್ತದೆ. ಹೊರಗಿನ ಇಬ್ಬರು ವಿಷಯತಜ್ಞರು ಸೇರಿ ನಾಲ್ಕು ಜನ ಇದ್ದರೆ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಸಂಖ್ಯೆ) ಆಗುತ್ತದೆ ಅಂತ ಅದೇ ಯುಜಿಸಿ ನಿಯಮದಲ್ಲಿದೆ. ಇಷ್ಟು ದಿನ ಮುಖ್ಯಸ್ಥೆಯಾಗಿದ್ದವರಿಗೂ ಆತಂಕದಲ್ಲಿ ಅದು ನೆನಪಾಗಿರಲಿಲ್ಲ.

ಮಾತು ಮುಂದುವರಿದ ಹಾಗೆ ಇನ್ನೆರಡು ಎಳೆ ಹೊರಬಂದವು. ಮೇಡಂ ಗೈಡ್ ಆಗಿದ್ದ ಹುಡುಗಿಯೊಬ್ಬಳು, ಪಿಎಚ್‌.ಡಿ. ಮುಗಿಸಿದವಳು, ಅದೇ ಹುದ್ದೆಗೆ ಅರ್ಜಿ ಹಾಕಿದ್ದಳು. ಜೊತೆಗೆ, ಜಾಹೀರಾತಿಗೆ ಮುಂಚೆ ಯಾವ ವಿಶೇಷ ವಿಷಯದವರು ಬೇಕು ಅಂತ ನಿರ್ಧರಿಸಿದ ವಿಭಾಗದ ಸಭೆಯಲ್ಲಿ ಮೇಡಂ ಇದ್ದರು. ಆ ವಿಷಯ ಅಕ್ಕನ ಮಗನ ಸಂಶೋಧನೆಗೆ ಹತ್ತಿರದ್ದು. ಅವನು ಅರ್ಜಿ ಹಾಕುವುದು ಆಗ ಇವರಿಗೆ ಗೊತ್ತಿರಲಿಲ್ಲ. ಆದರೆ ನಾಳೆ ಬೇರೆಯವರು ಕಂಡುಹಿಡಿದರೆ ಯಾರು ನಂಬುತ್ತಾರೆ? ಅದನ್ನೂ ಈಗಲೇ ಹೇಳಿಬಿಡಿ ಅಂದೆ.

ಪತ್ರ ಹೇಗಿರಬೇಕು ಅನ್ನೋದರ ಮೇಲೆ ನಾವು ಬಹಳ ಹೊತ್ತು ಕೂತೆವು. ಮೊದಲ ಕರಡು ಎರಡು ಪುಟ ಇತ್ತು. ಅದರಲ್ಲಿ ‘ನಾನು ಯಾವತ್ತೂ ಪಕ್ಷಪಾತ ಮಾಡಿದವಳಲ್ಲ’ ಅನ್ನುವ ಧಾಟಿಯ ಸಾಲುಗಳೇ ಜಾಸ್ತಿ. ಎಲ್ಲ ತೆಗೆಸಿದೆ. ಉಳಿದದ್ದು ಇಷ್ಟು: ಒಬ್ಬ ಅಭ್ಯರ್ಥಿ ನನ್ನ ಅಕ್ಕನ ಮಗ, ಇನ್ನೊಬ್ಬರು ನನ್ನ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮಾಡಿದವರು; ವಿಷಯ ನಿರ್ಧರಿಸಿದ ಸಭೆಯಲ್ಲಿ ನಾನಿದ್ದೆ; ಅರ್ಜಿ ಪರಿಶೀಲನೆಯಿಂದ ಹಿಡಿದು ಸಂದರ್ಶನದವರೆಗೆ ಯಾವ ಹಂತದಲ್ಲೂ ನಾನು ಇರುವುದಿಲ್ಲ. ಕುಲಸಚಿವರಿಗೆ ಕೊಟ್ಟು, ಪತ್ರ ತಲುಪಿದ್ದಕ್ಕೆ ಕಚೇರಿ ಹಾಕುವ ಇನ್ವರ್ಡ್ ನಂಬರ್ ಹಾಕಿಸಿ, ಒಂದು ಪ್ರತಿ ಇಟ್ಟುಕೊಳ್ಳಿ ಅಂದೆ. ಅರ್ಜಿಗಳ ಪರಿಶೀಲನೆ ಶುರುವಾಗುವ ಮುಂಚೆಯೇ ಕೊಡಬೇಕು. ಪಟ್ಟಿ ತಯಾರಾದ ಮೇಲೆ ಕೊಟ್ಟರೆ ಅದು ಬರೀ ಸಮಜಾಯಿಷಿ ಆಗುತ್ತದೆ. ಹುಡುಗನಿಗೆ ತಯಾರಿ ಮಾಡಿಸುವುದೂ ಬೇಡ ಅಂದೆ. ವಿಭಾಗದಲ್ಲಿ ಎಂಥ ಪ್ರಶ್ನೆ ಕೇಳುತ್ತಾರೆ ಅನ್ನೋದು ಇವರಿಗೆ ಗೊತ್ತು, ಉಳಿದ ಅಭ್ಯರ್ಥಿಗಳಿಗೆ ಅಂಥ ಚಿಗವ್ವ ಇಲ್ಲ. ಒಂದು ವೇಳೆ ಅವನಿಗೇ ಕೆಲಸ ಸಿಕ್ಕರೆ ಅವನ ವಾರ್ಷಿಕ ಮೌಲ್ಯಮಾಪನ, ರಜೆ, ಮುಂದೆ ಬಡ್ತಿಯ ಕಡತ, ಇವು ಯಾವುವೂ ಇವರ ಸಹಿಗೆ ಬರದ ಹಾಗೆ ಡೀನ್ ಹತ್ತಿರ ಲಿಖಿತ ವ್ಯವಸ್ಥೆ ಮಾಡಿಸಿಕೊಳ್ಳಬೇಕು. ಸಂಘರ್ಷ ಆಯ್ಕೆಯ ದಿನಕ್ಕೇ ಮುಗಿಯುವುದಿಲ್ಲ.

ಪತ್ರ ಬರೆಯುವುದಕ್ಕಿಂತ ಕಷ್ಟದ್ದು ಅಕ್ಕನಿಗೆ ಹೇಳುವುದು. ಪತ್ರ ಕೊಡುವ ಮುಂಚೆ ಅಕ್ಕನಿಗೆ ನೀವೇ ಹೇಳಿ, ಬೇರೆಯವರ ಬಾಯಿಂದ ಗೊತ್ತಾಗಬಾರದು ಅಂದೆ. ನಾನು ಅಕ್ಕನಾಗಿ ಕೂತು ಅಭ್ಯಾಸ ಮಾಡಿಸಿದೆ. ಮೇಡಂ ಮತ್ತೆ ಮತ್ತೆ ‘ರೂಲ್ಸ್ ಹಂಗೈತಿ, ನಾ ಏನ್ ಮಾಡ್ಲಿ’ ಅನ್ನುತ್ತಿದ್ದರು. ಅದು ಬೇಡ ಅಂದೆ. ನಿಯಮದ ಹಿಂದೆ ನಿಂತರೆ ಅಕ್ಕ ಒಳದಾರಿ ಹುಡುಕು ಅಂತಾರೆ. ಕೊನೆಗೆ ಅವರ ಬಾಯಿಂದಲೇ ಬಂತು: ‘ಅಕ್ಕಾ, ನಾನೇ ಆ ಕಮಿಟ್ಯಾಗ ಕೂಡಂಗಿಲ್ಲ ಅಂದೀನಿ. ನೀ ನನಗ ಮಾಡಿದ್ದು ನಾ ಮರ್ತಿಲ್ಲ. ಆದ್ರ ಅದನ್ನ ಇನ್ನೊಬ್ಬರ ಮಕ್ಕಳ ಪಾಲಿನಿಂದ ತೀರ್ಸಾಕ ಬರೂದಿಲ್ಲ.’

ಫೋನಿನಲ್ಲಿ ಇದನ್ನೇ ಹೇಳಿದರು. ಅಕ್ಕ ‘ಆತು ಬಿಡು’ ಅಂತ ಇಟ್ಟುಬಿಟ್ಟರಂತೆ. ಹುಡುಗನ ಮಾತು ಮಾತ್ರ ಬೇರೆ ಥರ ಇತ್ತು. ‘ಚಿಗವ್ವ, ನೀ ಒಳಗ ಇರ್ತಿ ಅಂತ ನನಗೂ ಹೆದರಿಕಿ ಇತ್ತು’ ಅಂದನಂತೆ. ಅವನನ್ನು ಅಲ್ಲಿವರೆಗೆ ಯಾರೂ ಏನೂ ಕೇಳಿರಲೇ ಇಲ್ಲ.

ಹುದ್ದೆ ಯಾರಿಗೆ ಸಿಕ್ಕಿತು ಅಂತ ಬರೆದರೆ ಗುರುತು ಸಿಗಬಹುದು, ಅದಕ್ಕೆ ಬಿಟ್ಟಿದ್ದೇನೆ. ಮೇಡಂ ನಿದ್ದೆ ಸುಧಾರಿಸಿದೆ. ಅಕ್ಕ ಈಗ ಫೋನ್ ಎತ್ತುತ್ತಾರೆ, ಮಳೆ-ಬೆಳೆ ಮಾತಾಡಿ ಇಡುತ್ತಾರೆ. ಯುಗಾದಿಗೆ ಮೇಡಂ ಊರಿಗೆ ಹೋಗುತ್ತಿದ್ದಾರೆ. ಅದಕ್ಕೆ ಮುಂಚೆ ಇನ್ನೊಮ್ಮೆ ಬರುತ್ತಾರೆ. ಮನೆಯವರೆಲ್ಲರ ಎದುರು ಈ ಮಾತು ಬಂದರೆ ಹೇಗೆ ಉತ್ತರಿಸಬೇಕು ಅಂತ ಅವತ್ತು ಕೂತು ಮಾತಾಡಬೇಕಿದೆ.